ದೂರದರ್ಶಕದ ಪೀಠ: ಫ್ರೌನ್‌ಹೋಫರ್‌ನಿಂದ ಡಾಬ್ಸನ್‌ವರೆಗೆ

ದೂರದರ್ಶಕದ ಚರಿತ್ರೆ ಎಂದು ನಾವು ಓದುವುದು ಬಹುಪಾಲು ಮಸೂರ ಮತ್ತು ಕನ್ನಡಿಗಳ ಚರಿತ್ರೆ. ಅವನ್ನು ಹೊತ್ತು ನಿಲ್ಲುವ ಪೀಠಕ್ಕೆ, ಅಂಗಡಿಯವರ ಮಾತಿನಲ್ಲಿ ಮೌಂಟ್‌ಗೆ, ಅದರಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಮೊದಲ ಸಲ ದೂರದರ್ಶಕ ಕೊಳ್ಳುವವರೂ ಹಾಗೆಯೇ. ಕನ್ನಡಿ ಎಷ್ಟು ಇಂಚು, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಕೇಳುತ್ತಾರೆ. ಅದು ಯಾವುದರ ಮೇಲೆ ನಿಲ್ಲುತ್ತದೆ ಎಂದು ಕೇಳುವುದಿಲ್ಲ. ಆಸೆಪಟ್ಟು ತಂದ ಉಪಕರಣ ಅಟ್ಟ ಸೇರಲು ಎಷ್ಟೋ ಸಲ ಈ ಕೇಳದ ಪ್ರಶ್ನೆಯೇ ಕಾರಣ.

ತೊಂದರೆಯ ಮೂಲ ಭೂಮಿಯ ತಿರುಗಾಟ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಅಂದರೆ ಚಂದ್ರ ಎರಡು ನಿಮಿಷಕ್ಕೊಮ್ಮೆ ತನ್ನ ಅಗಲದಷ್ಟು ಜರುಗುತ್ತಾನೆ. 200 ಪಟ್ಟು ಹಿಗ್ಗಿಸಿ ನೋಡಿದರೆ ಈ ಜಾರುವಿಕೆಯೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಗುರುಗ್ರಹ ನೋಡನೋಡುತ್ತಿದ್ದಂತೆ ಅಂಚಿಗೆ ಹೋಗಿಬಿಡುತ್ತದೆ. ಕೈ ತಾಗಿದಾಗಿನ ನಡುಕವೂ ಹಿಗ್ಗುತ್ತದೆ. ವಿಲಿಯಂ ಹರ್ಷೆಲ್ 1789ರಲ್ಲಿ ಇಂಗ್ಲೆಂಡಿನ ಸ್ಲೌ ಎಂಬಲ್ಲಿ 40 ಅಡಿ ಉದ್ದದ ದೂರದರ್ಶಕವನ್ನು ಮುಗಿಸಿದಾಗ, ಅದನ್ನು ಎತ್ತಿ ತಿರುಗಿಸಲು ಮರದ ದೊಡ್ಡ ಅಟ್ಟಣೆ, ಹಗ್ಗ, ರಾಟೆ, ಜೊತೆಗೆ ಆಳುಗಳು ಬೇಕಾದರು. ಅಷ್ಟು ದೊಡ್ಡ ಕನ್ನಡಿಯಿದ್ದರೂ ಹರ್ಷೆಲ್ ಹೆಚ್ಚು ಕೆಲಸ ಮಾಡಿದ್ದು ಸುಲಭವಾಗಿ ತಿರುಗುತ್ತಿದ್ದ 20 ಅಡಿಯದರಲ್ಲಿ.

ಇದಕ್ಕೆ ಸೊಗಸಾದ ಪರಿಹಾರ ಕೊಟ್ಟವನು ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್. ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಗಾಜಿನ ಕೆಲಸ ಕಲಿಯಲು ಸೇರಿದ ಹುಡುಗ. ಪೀಠದ ಎರಡು ಅಕ್ಷಗಳಲ್ಲಿ ಒಂದನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆ ಮಾಡಿದರೆ, ಆ ಒಂದನ್ನೇ ಭೂಮಿಗೆ ಎದುರಾಗಿ ನಿಧಾನ ತಿರುಗಿಸುತ್ತ ನಕ್ಷತ್ರವನ್ನು ನೋಟದ ನಡುವೆ ಹಿಡಿದಿಡಬಹುದು. ಈ ವಿಚಾರ ಹಳೆಯದೇ. ಜೈಪುರದ ಸಾಮ್ರಾಟ್ ಯಂತ್ರದ ಓರೆಗೋಡೆಯೂ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಫ್ರೌನ್‌ಹೋಫರ್ ನಳಿಕೆಯನ್ನು ಒಂದು ಬದಿಗೆ, ಸಮತೂಕದ ಗುಂಡನ್ನು ಇನ್ನೊಂದು ಬದಿಗೆ ಇಟ್ಟು, ಇಳಿಯುವ ತೂಕದಿಂದ ನಡೆಯುವ ಗಡಿಯಾರವನ್ನು ಜೋಡಿಸಿದ. 1824ರಲ್ಲಿ ಡೋರ್ಪಾಟ್‌ಗೆ, ಅಂದರೆ ಇಂದಿನ ಎಸ್ಟೋನಿಯಾದ ಟಾರ್ಟುಗೆ, ಅವನ 24 ಸೆಂಟಿಮೀಟರ್ ಮಸೂರದ ದೂರದರ್ಶಕ ಬಂತು. ಅಲ್ಲಿದ್ದ ಸ್ಟ್ರೂವ ಅದರಿಂದ ಆಕಾಶವನ್ನು ಜಾಲಾಡಿ ಮೂರು ಸಾವಿರಕ್ಕೂ ಹೆಚ್ಚು ಜೋಡಿ ನಕ್ಷತ್ರಗಳ ಪಟ್ಟಿಯನ್ನು 1827ರಲ್ಲಿ ಪ್ರಕಟಿಸಿದ. ಅಷ್ಟರಲ್ಲಿ ಫ್ರೌನ್‌ಹೋಫರ್ 39ನೆಯ ವಯಸ್ಸಿಗೇ ತೀರಿಕೊಂಡಿದ್ದ. ಇಂದು ಅಂಗಡಿಯಲ್ಲಿ ‘ಜರ್ಮನ್ ಇಕ್ವಟೋರಿಯಲ್’ ಎಂದು ಮಾರುವುದು ಅವನದೇ ಪೀಠ.

ಅಳೆಯುವವನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಬ್ಬಿಣದ ಭಾರ, ಗೇರುಗಳು, ಸಮತೂಕ, ಬೆಲೆ ಎಲ್ಲವೂ ಅದರ ಜೊತೆಗೇ ಬಂದವು. ಹವ್ಯಾಸಿಯೂ ಸಣ್ಣ ವೇಧಶಾಲೆಯೊಂದನ್ನು ಕಟ್ಟಿಕೊಳ್ಳಬೇಕು ಎಂಬಂತಾಯಿತು.

ಆ ಕಟ್ಟನ್ನು ಬಿಚ್ಚಿದವರು ಒಬ್ಬ ಸಂನ್ಯಾಸಿ. ಜಾನ್ ಡಾಬ್ಸನ್ ಹುಟ್ಟಿದ್ದು 1915ರಲ್ಲಿ, ಬೀಜಿಂಗ್‌ನಲ್ಲಿ. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು. ಅದು ರಾಮಕೃಷ್ಣ ಪರಂಪರೆಯದು. ಕುವೆಂಪು ಅವರನ್ನು ಓದಿದವರಿಗೆ ಪರಿಚಯ ಹೇಳಬೇಕಿಲ್ಲ. ಮಠದಲ್ಲಿ ದುಡ್ಡಿರಲಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜನ್ನು ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿದರು. ನಳಿಕೆಗೆ ರಟ್ಟು, ಪೀಠಕ್ಕೆ ಪ್ಲೈವುಡ್ ಪೆಟ್ಟಿಗೆ. ರಾತ್ರಿ ಅದನ್ನು ಬೀದಿಗೆ ಉರುಳಿಸಿಕೊಂಡು ಹೋಗಿ ನೆರೆಹೊರೆಯ ಮಕ್ಕಳಿಗೆ ಶನಿಯ ಬಳೆ ತೋರಿಸುತ್ತಿದ್ದರು. ಮಠದೊಳಗೆ ಇದು ಎಲ್ಲರಿಗೂ ಹಿಡಿಸಲಿಲ್ಲ. ಪತ್ರಗಳಲ್ಲಿ ದೂರದರ್ಶಕಕ್ಕೆ ‘ಜೆರೇನಿಯಂ’ ಎಂಬ ಹೂಗಿಡದ ಹೆಸರಿಟ್ಟು ಗುಟ್ಟಾಗಿ ಬರೆಯುವ ಮಟ್ಟಿಗೆ ಹೋಯಿತು. 1967ರಲ್ಲಿ, 23 ವರ್ಷಗಳ ಬಳಿಕ, ಅವರು ಮಠ ಬಿಟ್ಟು ಹೊರಡಬೇಕಾಯಿತು. ಮರುವರ್ಷವೇ ಫುಟ್‌ಪಾತಿನಲ್ಲಿ ದಾರಿಹೋಕರಿಗೆ ಆಕಾಶ ತೋರಿಸುವವರ ಗುಂಪೊಂದು ಅವರ ಸುತ್ತ ಹುಟ್ಟಿತು.

ಡಾಬ್ಸನ್ ಪೀಠಕ್ಕೆ ಗೇರು, ಗಡಿಯಾರ ಯಾವುದೂ ಇಲ್ಲ. ಪೆಟ್ಟಿಗೆ ನೆಲದ ಮೇಲೆ ಎಡಬಲಕ್ಕೆ ತಿರುಗುತ್ತದೆ, ನಳಿಕೆ ಅದರೊಳಗೆ ಮೇಲೆ ಕೆಳಗೆ ಆಡುತ್ತದೆ. ತಿರುಗುವ ಕಡೆ ನಾಲ್ಕಾರು ಟೆಫ್ಲಾನ್ ತುಂಡುಗಳು. ಬೇರೆ ವಸ್ತುಗಳಾದರೆ ಮೊದಲು ಅಂಟಿ ಹಿಡಿದು ಆಮೇಲೆ ತಟ್ಟನೆ ಜಾರುತ್ತವೆ. ಟೆಫ್ಲಾನಿನಲ್ಲಿ ಈ ಎಳೆತ ಬಹಳ ಕಡಿಮೆ, ಹಾಗಾಗಿ ಬೆರಳಲ್ಲಿ ನೂಕಿದಷ್ಟೇ ಹೋಗಿ ಅಲ್ಲೇ ನಿಲ್ಲುತ್ತದೆ. ಪೇಟೆಂಟ್ ಪಡೆಯಲು ಅವರು ಹೋಗಲಿಲ್ಲ.

ನಮ್ಮಲ್ಲಿ ಈ ಆಯ್ಕೆಗೆ ಇನ್ನೊಂದು ಕೊಂಡಿಯಿದೆ. ಫ್ರೌನ್‌ಹೋಫರ್ ಪೀಠದ ಓರೆ ಊರಿನ ಅಕ್ಷಾಂಶದಷ್ಟಿರಬೇಕು. ಟಾರ್ಟುವಿನಲ್ಲಿ ಅದು 58 ಡಿಗ್ರಿ, ಬೆಂಗಳೂರಿನಲ್ಲಿ 13. ಇಲ್ಲಿ ಅಕ್ಷ ಹೆಚ್ಚುಕಡಿಮೆ ಮಲಗಿಬಿಡುತ್ತದೆ; ಕೆಲವು ಪೀಠಗಳಲ್ಲಿ ಸಮತೂಕದ ಸರಳು ಮುಕ್ಕಾಲಿಗೆ ಬಡಿಯುತ್ತದೆ. ಅಕ್ಷವನ್ನು ಹೊಂದಿಸಲು ಬೇಕಾದ ಧ್ರುವನಕ್ಷತ್ರವೂ ಬಾನಂಚಿನಿಂದ 13 ಡಿಗ್ರಿಯಷ್ಟೇ ಮೇಲೆ, ಎದುರಿನ ಅಪಾರ್ಟ್‌ಮೆಂಟಿನ ಹಿಂದೆ. ಅಸಾಧ್ಯವೇನಲ್ಲ. ತಮಿಳುನಾಡಿನ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ 2.34 ಮೀಟರಿನ ವೇಣು ಬಾಪ್ಪು ದೂರದರ್ಶಕ ಇಂಥದೇ ಅಕ್ಷಾಂಶದಲ್ಲಿ, ಓರೆ ಅಕ್ಷದ ಮೇಲೆಯೇ, 1986ರಿಂದ ನಿಂತಿದೆ. ಆದರೆ ಅದಕ್ಕೊಂದು ಸಂಸ್ಥೆಯ ಬಲವಿದೆ.

ದೀರ್ಘ ಹೊತ್ತಿನ ಫೋಟೋ ತೆಗೆಯುವವರಿಗೆ ಫ್ರೌನ್‌ಹೋಫರ್ ದಾರಿ ಬೇಕೇ ಬೇಕು. ಸರಳ ಡಾಬ್ಸನ್ ಪೆಟ್ಟಿಗೆಯಿಂದ ಅದಾಗದು, ನೆತ್ತಿಯ ನೇರಕ್ಕಿರುವ ನಕ್ಷತ್ರವನ್ನು ಹಿಂಬಾಲಿಸಲೂ ಅದು ಹೆಣಗುತ್ತದೆ. ಕಣ್ಣಲ್ಲಿ ನೋಡುವವರಿಗೆ, ನಾಲ್ಕು ಜನರಿಗೆ ತೋರಿಸುವವರಿಗೆ ನಾನು ಹೇಳುವುದು ಡಾಬ್ಸನ್ ಪೆಟ್ಟಿಗೆಯನ್ನೇ. ಅಗ್ಗವೆಂಬುದೊಂದೇ ಕಾರಣವಲ್ಲ. ಫ್ರೌನ್‌ಹೋಫರನ ಗಡಿಯಾರ ಭೂಮಿ ತಿರುಗುವುದನ್ನು ಮರೆಸಿಬಿಡುತ್ತದೆ. ಡಾಬ್ಸನ್ ಪೆಟ್ಟಿಗೆಯ ಮುಂದೆ ಸಾಲು ನಿಂತ ಮಕ್ಕಳಲ್ಲಿ ಒಬ್ಬೊಬ್ಬರು ನೋಡಿ ಮುಗಿಸುವಷ್ಟರಲ್ಲಿ ಶನಿ ಅಂಚಿಗೆ ಸರಿದಿರುತ್ತದೆ, ಮುಂದಿನವರಿಗಾಗಿ ಮತ್ತೆ ನೂಕಬೇಕು. ಅದು ಯಾಕೆ ಓಡುತ್ತದೆ ಎಂದು ಯಾರಾದರೂ ಕೇಳದೆ ಇರುವುದಿಲ್ಲ.