ಬಸುರಿಯ ಸೊಂಟದ ಕೀಲು ನೋವು: ಚಿಕಿತ್ಸೆ ಏನು, ಕಾನೂನು ಏನು?

ತೋರಣಗಲ್ಲಿನ ಕಾರ್ಖಾನೆ ಗೇಟಿನ ಮುಂದೆ ಶಿಫ್ಟ್ ಬಿಡುವ ಹೊತ್ತಿಗೆ ನಿಂತರೆ ಹೆಲ್ಮೆಟ್ ಹಾಕಿದ ಗಂಡಸರೇ ಕಣ್ಣಿಗೆ ಬೀಳುತ್ತಾರೆ. ಗುಡಿಸುವ, ಪಾತ್ರೆ ತೊಳೆಯುವ, ಗಾರೆ ಬುಟ್ಟಿ ಹೊರುವ ಹೆಂಗಸರೂ ಈ ಊರಲ್ಲಿದ್ದಾರೆ. ಅವರಲ್ಲೊಬ್ಬರು ಬಸುರಿಯಾಗಿ "ನಡ ಹಿಡ್ಕಂಡೈತಿ" ಅಂದರೆ, "ಬಸುರಿ ಅಂದ್ಮ್ಯಾಲೆ ಇದ್ದದ್ದೇ" ಅನ್ನೋ ಉತ್ತರ ಸಿಗುತ್ತೆ. ಇದ್ದದ್ದೇ, ನಿಜ. ಐವರಲ್ಲಿ ಸುಮಾರು ಒಬ್ಬರಿಗೆ ಬರುತ್ತೆ. ಆದರೆ ಇದಕ್ಕೆ ಚಿಕಿತ್ಸೆಯೂ ಇದೆ.

ಬೆನ್ನುಮೂಳೆಯ ಬುಡವು ಸೊಂಟದ ಮೂಳೆಗಳಿಗೆ ಸೇರುವಲ್ಲಿ ಎಡಕ್ಕೊಂದು, ಬಲಕ್ಕೊಂದು ಕೀಲು ಇದೆ. ಮುಂದೆ ಹೊಟ್ಟೆಯ ಕೆಳಗೆ ಇನ್ನೊಂದು. ಇವು ಅಲುಗಾಡುವುದು ಬಹಳ ಕಡಿಮೆ, ಆದರೆ ಮೈಭಾರವೆಲ್ಲ ಕಾಲಿಗೆ ಇಳಿಯುವುದು ಇವುಗಳ ಮೂಲಕವೇ. ಬಸುರಿನಲ್ಲಿ ತೂಕ ಮುಂದಕ್ಕೆ ವಾಲುತ್ತೆ, ಸ್ನಾಯುಗಳ ಹಿಡಿತ ಬದಲಾಗುತ್ತೆ, ಕೀಲಿನ ಸುತ್ತ ನೋವು ಹುಟ್ಟುತ್ತೆ. ಹಾರ್ಮೋನಿನಿಂದ ಕೀಲು ಸಡಿಲವಾಗೋದೇ ಕಾರಣ ಅಂತ ಹಿಂದೆ ಹೇಳುತ್ತಿದ್ದರು. ಅದೊಂದೇ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಗುರುತು ಹಿಡಿಯೋದು ಕಷ್ಟವಲ್ಲ. ಒಂಟಿ ಕಾಲಲ್ಲಿ ನಿಂತಾಗ, ಮೆಟ್ಟಿಲು ಹತ್ತುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಕುಂಡಿಯ ಮೇಲ್ಭಾಗದಲ್ಲೋ ಮುಂದಿನ ಮೂಳೆಯಲ್ಲೋ ಚುಳುಕ್ ಅನ್ನುತ್ತೆ. ಮಲಗಿ ಕಾಲನ್ನು ನೇರವಾಗಿ ಎತ್ತಿದರೆ ಕಲ್ಲಿನ ಭಾರ. ಯಾರಾದರೂ ಸೊಂಟವನ್ನು ಎರಡೂ ಕಡೆಯಿಂದ ಒತ್ತಿಹಿಡಿದರೆ ಹಗುರ. ಸಾಮಾನ್ಯವಾಗಿ ಎಕ್ಸ್‌ರೇ ಬೇಕಿಲ್ಲ. ಆದರೆ ಜ್ವರ, ಉರಿಮೂತ್ರ, ರಕ್ತಸ್ರಾವ, ಕಾಲು ಜೋಮು ಹಿಡಿಯೋದು, ಮೂತ್ರದ ಹಿಡಿತ ತಪ್ಪೋದು ಇದ್ದರೆ ಅದು ಬೇರೆಯದೇ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆ ಅಂದರೆ ಹಾಸಿಗೆ ಹಿಡಿಯೋದಲ್ಲ. ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮ, ಹೊಟ್ಟೆಗಲ್ಲದೆ ಅದರ ಕೆಳಗೆ ಸೊಂಟದ ಮೂಳೆಗೆ ಕಟ್ಟುವ ಬೆಲ್ಟ್, ಮಲಗುವಾಗ ಮೊಣಕಾಲ ನಡುವೆ ದಿಂಬು, ಮೆಟ್ಟಿಲಿಗೆ ಒಂದೊಂದೇ ಹೆಜ್ಜೆ. ಒಂದೇ ಪಕ್ಕಕ್ಕೆ ಬಿಂದಿಗೆಯನ್ನೋ ಕೂಸನ್ನೋ ಇಟ್ಟುಕೊಂಡು ನಡೆಯೋದನ್ನು ಮನೆಯವರೇ ತಪ್ಪಿಸಬೇಕು. ಡಾಕ್ಟರ್ ಹೇಳಿದರೆ ಪ್ಯಾರಸಿಟಮಾಲ್. ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಅದರಲ್ಲೂ 20 ವಾರ ದಾಟಿದ ಮೇಲೆ ಅವು ಮಗುವಿನ ಕಿಡ್ನಿಗೆ ತೊಂದರೆ ಕೊಡಬಹುದು. ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ತಿಂಗಳಲ್ಲಿ ನೋವು ಹೋಗುತ್ತೆ. ಕೆಲವರಿಗೆ ಉಳಿಯುತ್ತೆ, ಅವರಿಗೂ ಚಿಕಿತ್ಸೆ ಮುಂದುವರಿಯಬೇಕು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತೆ. ಬಿಪಿ, ತೂಕ, ರಕ್ತ ಅವರೇ ನೋಡುತ್ತಾರೆ. ನೋವನ್ನು ಮಾತ್ರ ನೀವೇ ಬಾಯಿಬಿಟ್ಟು ಹೇಳಬೇಕು.

ಇನ್ನು ಕೆಲಸದ ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದು, 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿರುವ ಒಂದು ನಿಯಮವಿದೆ: ಗರ್ಭಿಣಿ ಕೇಳಿಕೊಂಡರೆ ಶ್ರಮದ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಮಾಡಿಸುವಂತಿಲ್ಲ. ಚೆನ್ನಾಗಿದೆ. ಆದರೆ ಇದು ಅನ್ವಯವಾಗೋದು ಹೆರಿಗೆಗೆ ಸುಮಾರು ಹತ್ತು ವಾರ ಉಳಿದಾಗಿನಿಂದ. ನೋವು ಎಷ್ಟೋ ಜನರಿಗೆ ಐದನೇ ತಿಂಗಳಿಗೇ ಶುರುವಾಗಿರುತ್ತೆ! ನಡುವಿನ ಎರಡು ತಿಂಗಳು ಮೇಸ್ತ್ರಿಯ ಮರ್ಜಿ.

ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ನಗರಪಾಲಿಕೆಯ ಮಹಿಳಾ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಗುತ್ತಿಗೆದಾರನಿಗೆ ಬರೆದೇ ಕೇಳಿ, ಡಾಕ್ಟರ ಚೀಟಿ ಲಗತ್ತಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಂಪ್ಲಿಯ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಬಸುರಿ ಯಾರಿಗೆ ಬರೆಯಬೇಕು ಅನ್ನೋದಕ್ಕೆ ಈ ನಿಯಮದಲ್ಲಿ ಉತ್ತರವಿಲ್ಲ.