ಲ್ವಾರ್ ನದಿಯ ಏರಿಯ ಮೇಲೆ: ಫ್ರಾನ್ಸಿನ ಸೈಕಲ್ ದಾರಿಗಳ ಹಿಂದಿನ ಕಥೆ

ಬೇಸಿಗೆಯ ರಜೆ ಸಮೀಪಿಸಿದಂತೆ ಬ್ರಿಟನ್ನಿನ ಕನ್ನಡ ಕುಟುಂಬಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಪ್ಯಾರಿಸ್ಸಿನ ಗೋಪುರವನ್ನೂ ಡಿಸ್ನಿಲ್ಯಾಂಡನ್ನೂ ನೋಡಿ ಮುಗಿಸಿದವರು ಈಗ ಫ್ರಾನ್ಸಿನ ಹಳ್ಳಿಗಾಡಿನತ್ತಲೂ ಮುಖಮಾಡುತ್ತಿರುವುದು ಸಂತೋಷದ ಸಂಗತಿ. ಪೋರ್ಟ್ಸ್‌ಮತ್‌ನಲ್ಲಿ ಹಡಗು ಏರುವಾಗ ಸೈಕಲ್ಲನ್ನೂ ಜೊತೆಗೆ ಒಯ್ಯಬಹುದು. ಕಡಲಾಚೆ ನದಿಗಳ ದಂಡೆಗುಂಟ ನೂರಾರು ಕಿಲೋಮೀಟರ್ ಉದ್ದದ ಸಮತಟ್ಟಾದ ದಾರಿಗಳಿವೆ. ಶಾಲೆಗೆ ಹೋಗುವ ಮಕ್ಕಳೂ ಊರಿನಿಂದ ಬಂದ ಅಜ್ಜ ಅಜ್ಜಿಯರೂ ಅಲ್ಲಿ ತಮ್ಮ ತಮ್ಮ ಶಕ್ತ್ಯಾನುಸಾರ ಸಾಗಬಲ್ಲರು.

ನೋಡುವವರಿಗೆ ಈ ದಾರಿಗಳು ಪ್ರಕೃತಿಯೇ ಹಾಸಿಕೊಟ್ಟಂತೆ ಕಾಣುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಸೈಕಲ್ಲಿಗಾಗಿ ಹುಟ್ಟಿದವಲ್ಲ. ನೆರೆಯನ್ನು ತಡೆಯಲು, ದೋಣಿಯನ್ನು ಎಳೆಯಲು, ರೈಲನ್ನು ಓಡಿಸಲು ಕಟ್ಟಿದವು. ಇನ್ನು, ಸಾಮಾನ್ಯ ದೇಹದ ಸಾಮಾನ್ಯ ಮನುಷ್ಯನು ಯಾರೊಡನೆಯೂ ಸ್ಪರ್ಧಿಸದೆ ಊರಿಂದೂರಿಗೆ ತುಳಿಯುತ್ತಾ ಹೋಗಬಹುದು ಎಂಬ ವಿಚಾರವಂತೂ ಸುಲಭವಾಗಿ ಒಪ್ಪಿತವಾದುದಲ್ಲ. ಅದಕ್ಕಾಗಿ ವಾಗ್ವಾದಗಳು ನಡೆದವು, ಮುಷ್ಕರಗಳೂ ನಡೆದವು.

ಲ್ವಾರ್ ನದಿಯಿಂದಲೇ ಆರಂಭಿಸೋಣ. ಇದು ಫ್ರಾನ್ಸಿನ ಅತ್ಯಂತ ಉದ್ದವಾದ ನದಿ, ಸುಮಾರು 1000 ಕಿಲೋಮೀಟರ್. ದಕ್ಷಿಣದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ಓರ್ಲೆಯಾನ್ ನಗರದ ಬಳಿ ಪಶ್ಚಿಮಕ್ಕೆ ಹೊರಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಬೇಸಿಗೆಯಲ್ಲಿ ಮರಳದಿಣ್ಣೆಗಳ ನಡುವೆ ತೆಳ್ಳಗೆ ಹರಿಯುವ ಇದು ಮಳೆಗಾಲದಲ್ಲಿ ದಂಡೆ ಮೀರುತ್ತದೆ. ಹನ್ನೆರಡನೆಯ ಶತಮಾನದಿಂದಲೇ ಅಲ್ಲಿಯ ಜನ ಮಣ್ಣಿನ ಏರಿಗಳನ್ನು ಕಟ್ಟತೊಡಗಿದರು. ನಮ್ಮೂರ ಕೆರೆಯ ಏರಿಯನ್ನು ಕಂಡವರಿಗೆ ಅದರ ರೂಪವನ್ನು ವಿವರಿಸಬೇಕಾಗಿಲ್ಲ. ಆಂಜೂ ಪ್ರಾಂತದ ಒಡೆಯನೂ ಇಂಗ್ಲೆಂಡಿನ ಅರಸನೂ ಆಗಿದ್ದ ಎರಡನೆಯ ಹೆನ್ರಿಯು ಏರಿಯ ಮೇಲೆ ನೆಲೆಸಿ ಅದನ್ನು ಕಾಯುವವರಿಗೆ ವಿನಾಯಿತಿಗಳನ್ನು ನೀಡಿದನು. ಮುಂದಿನ ಶತಮಾನಗಳಲ್ಲಿ ಏರಿ ಎತ್ತರವಾಗುತ್ತಲೇ ಹೋಯಿತು. ನದಿಯನ್ನು ಇಕ್ಕಟ್ಟಿನಲ್ಲಿ ಹಿಡಿದಷ್ಟೂ ನೆರೆಯ ನೀರು ಮೇಲೇರುತ್ತದೆ ಎಂಬ ಪಾಠವನ್ನು 1846, 1856 ಮತ್ತು 1866ರ ಮಹಾಪೂರಗಳು ಕಲಿಸಿದವು. ಮೂರು ಬಾರಿಯೂ ಏರಿಗಳು ಒಡೆದವು. ಇಂದು ನಾವು ಸೈಕಲ್ ಮೇಲಿನಿಂದ ಒಂದು ಕಡೆ ನದಿಯನ್ನೂ ಇನ್ನೊಂದು ಕಡೆ ತಗ್ಗಿನ ಹೊಲಗಳನ್ನೂ ಏಕಕಾಲದಲ್ಲಿ ನೋಡುತ್ತಾ ಸಾಗುವುದು ಈ ಏರಿಗಳ ಮೇಲೆಯೇ.

ಆಗಿನ ಕಾಲಕ್ಕೆ ಲ್ವಾರ್ ಒಂದು ಹೆದ್ದಾರಿಯಾಗಿತ್ತು. ಪಶ್ಚಿಮದ ಗಾಳಿ ಹಾಯಿಗೆ ತುಂಬಿಕೊಂಡು ಚಪ್ಪಟೆ ತಳದ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ತಳ್ಳುತ್ತಿತ್ತು. ಉಪ್ಪು, ಮದ್ಯ, ಸಕ್ಕರೆ ಇವೇ ಸರಕು. ಆ ಸಕ್ಕರೆಯ ಮೂಲವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನದೀಮುಖದ ಬಳಿಯ ನಾಂತ್ ಫ್ರಾನ್ಸಿನ ಗುಲಾಮ ವ್ಯಾಪಾರದ ಅತಿ ದೊಡ್ಡ ಬಂದರಾಗಿತ್ತು. ಕೆರಿಬಿಯನ್ ದ್ವೀಪಗಳ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ಓರ್ಲೆಯಾನ್‌ನ ಕಾರ್ಖಾನೆಗಳಲ್ಲಿ ಶುದ್ಧವಾಗುತ್ತಿತ್ತು. ಪ್ರವಾಸಿಗರು ಮೆಚ್ಚುವ ಕಲ್ಲಿನ ಸೋಪಾನಗಳ ಮೇಲೆ ಆ ಮೂಟೆಗಳೂ ಇಳಿದಿವೆ. 1843ರಲ್ಲಿ ಪ್ಯಾರಿಸ್ಸಿನಿಂದ ಓರ್ಲೆಯಾನ್‌ಗೆ, 1846ರಲ್ಲಿ ತೂರ್ ನಗರಕ್ಕೆ ರೈಲು ಬಂದಿತು. ಕೆಲವೇ ದಶಕಗಳಲ್ಲಿ ಅಂಬಿಗರ ವೃತ್ತಿ ನಶಿಸಿತು, ದಂಡೆಗಳು ನಿಶ್ಶಬ್ದವಾದವು. ಕಾಲುವೆಗಳು ಇನ್ನಷ್ಟು ಕಾಲ ಬಾಳಿದವು. ಬ್ರಿಯಾರ್ ಎಂಬಲ್ಲಿ ನದಿಯ ಮೇಲೆಯೇ ಕಾಲುವೆಯನ್ನು ದಾಟಿಸುವ 662 ಮೀಟರ್ ಉದ್ದದ ಉಕ್ಕಿನ ಸೇತುವೆ 1896ರಲ್ಲಿ ಸಿದ್ಧವಾಯಿತು. ಅದರ ಕಲ್ಲಿನ ಕಂಬಗಳು ಐಫೆಲ್ ಅವರ ಸಂಸ್ಥೆಯ ಕೆಲಸ. ಅದರ ಅಂಚಿನ ಕಾಲುದಾರಿಯಲ್ಲಿ ನಿಂತರೆ ಮಗ್ಗುಲಲ್ಲಿ ಒಂದು ನೀರು, ಕೆಳಗೆ ಇನ್ನೊಂದು ನೀರು. ಮಕ್ಕಳಿಗೆ ತಪ್ಪದೆ ತೋರಿಸಬೇಕಾದ ನೋಟವಿದು.

ದಾರಿ ಹೀಗೆ ಅನ್ಯ ಕಾರಣಗಳಿಂದ ಸಿದ್ಧವಾಗಿತ್ತು. ಸವಾರನು ಸಿದ್ಧವಾದುದು ಇದೇ ನದಿಯ ಮೇಲ್ಭಾಗದ ಕಣಿವೆಗೆ ಹತ್ತಿರವಿರುವ ಸ್ಯಾಂತ್-ಎತಿಯೆನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಕಲ್ಲಿದ್ದಲು, ಬಂದೂಕು, ರೇಷ್ಮೆಯ ಪಟ್ಟಿ, ಬಳಿಕ ಸೈಕಲ್ಲು ಅಲ್ಲಿಯ ಉತ್ಪನ್ನಗಳು. 1853ರಲ್ಲಿ ಹುಟ್ಟಿದ ಪೋಲ್ ದ ವಿವೀ ಎಂಬವರು ಅಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದರು. ಸೈಕಲ್ಲಿನ ಹುಚ್ಚು ಹಿಡಿದು ಆ ವ್ಯಾಪಾರವನ್ನು ಬಿಟ್ಟು, ಇಂಗ್ಲೆಂಡಿನಿಂದ ಸೈಕಲ್ಲುಗಳನ್ನು ತರಿಸಿ ಮಾರುವ ಅಂಗಡಿಯನ್ನು ತೆರೆದರು; 1887ರಲ್ಲಿ ಒಂದು ಪತ್ರಿಕೆಯನ್ನೂ ಆರಂಭಿಸಿದರು. ‘ವೆಲೋಸಿಯೊ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಅವರನ್ನು ಫ್ರೆಂಚರು ಇಂದಿಗೂ ಸೈಕಲ್ ಪ್ರವಾಸದ ಆದ್ಯರೆಂದು ಗೌರವಿಸುತ್ತಾರೆ.

ಊರಿನ ದಕ್ಷಿಣಕ್ಕೆ 1161 ಮೀಟರ್ ಎತ್ತರದ ಒಂದು ಘಟ್ಟವಿದೆ. ಅದರ ಆಚೆಗೆ ರೋನ್ ನದಿಯ ಕಣಿವೆ, ಈಚೆಗೆ ಲ್ವಾರ್ ಕಣಿವೆ. ಒಂದೇ ಗಿಯರಿನ ಸೈಕಲ್ಲಿನಲ್ಲಿ ಆ ಘಟ್ಟವನ್ನು ಏರುವುದು ಗಟ್ಟಿಮುಟ್ಟಾದ ಯುವಕರಿಗಷ್ಟೇ ಸಾಧ್ಯವಿತ್ತು. ವಿವೀಯವರು ಕೇಳಿಕೊಂಡ ಪ್ರಶ್ನೆ ಸರಳವಾದುದು: ಏರಿನಲ್ಲಿ ಒಂದು, ಇಳಿಜಾರಿನಲ್ಲಿ ಇನ್ನೊಂದು ಗಿಯರು ಏಕಿರಬಾರದು? ಹಲ್ಲಿನ ಚಕ್ರಗಳನ್ನೂ ಚೈನುಗಳನ್ನೂ ಬದಲಾಯಿಸಿ ಬದಲಾಯಿಸಿ ಪ್ರಯೋಗ ಮಾಡಿದರು. ಒಂದು ಚಕ್ರದಿಂದ ಇನ್ನೊಂದಕ್ಕೆ ಚೈನನ್ನು ಜಾರಿಸುವ ಡಿರೇಲರ್ ಎಂಬ ಸಾಧನವು ಬೆಳೆಯುವುದರಲ್ಲಿ ಅವರ ಪಾಲು ದೊಡ್ಡದು.

ವೈದ್ಯವೃತ್ತಿಯವರಾದ ನಮಗೆ ಅವರಲ್ಲಿ ವಿಶೇಷ ಆಸಕ್ತಿ ಹುಟ್ಟಿಸಿದುದು ಗಿಯರಲ್ಲ, ಸವಾರರಿಗೆ ಅವರು ವಿಧಿಸಿದ ಏಳು ನಿಯಮಗಳು. ಸಾರ ಇಷ್ಟು: ನಿಲುಗಡೆಗಳು ಕಡಿಮೆಯಾಗಿರಲಿ, ಚಿಕ್ಕದಾಗಿರಲಿ, ಹಸಿವಾಗುವ ಮುನ್ನ ಸ್ವಲ್ಪ ಸ್ವಲ್ಪ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ಊಟವೂ ನಿದ್ರೆಯೂ ಬೇಡವೆನಿಸುವಷ್ಟು ದಣಿಯಬಾರದು, ಚಳಿಯಾಗುವ ಮುನ್ನ ಹೊದೆಯಬೇಕು, ಸೆಕೆಯಾಗುವ ಮುನ್ನ ಕಳಚಬೇಕು, ಸವಾರಿಯ ಹೊತ್ತಿನಲ್ಲಾದರೂ ಮಾಂಸ, ಮದ್ಯ, ತಂಬಾಕು ಬೇಡ, ಮೊದಲ ಗಂಟೆಗಳಲ್ಲಿ ಶಕ್ತಿಯನ್ನೆಲ್ಲ ವ್ಯಯಿಸಬಾರದು, ಜಂಬಕ್ಕಾಗಿ ತುಳಿಯಬಾರದು. ಸ್ವತಃ ಸಸ್ಯಾಹಾರಿಯಾಗಿದ್ದವರ ಮಾತು ನಮ್ಮ ಅನೇಕ ಮನೆಗಳಲ್ಲಿ ಸುಲಭವಾಗಿ ಒಪ್ಪಿಗೆಯಾದೀತು! ದಣಿವು, ನೀರು, ಉಪವಾಸ ಇವುಗಳ ಕುರಿತು ಇಂದು ನಾವು ರೋಗಿಗಳಿಗೆ ಹೇಳುವುದು ಇದಕ್ಕಿಂತ ಬಹಳ ಭಿನ್ನವಲ್ಲ. ಅಂದಿನ ವೈದ್ಯರೂ ಸುಮ್ಮನಿರಲಿಲ್ಲ. ಬೋರ್ಡೊ ನಗರದ ಡಾ. ಫಿಲಿಪ್ ತಿಸ್ಸಿಯೆ 1888ರಲ್ಲಿ ಸೈಕಲ್ ಸವಾರರ ಆರೋಗ್ಯದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಏಳನೆಯ ನಿಯಮ ಮಾತ್ರ ಯಾವ ವೈದ್ಯಗ್ರಂಥದಲ್ಲೂ ಇರಲಾರದು. ವಾರಾಂತ್ಯಕ್ಕೊಮ್ಮೆ ದುಬಾರಿ ಸೈಕಲ್ಲೇರಿ, ಕೈಗಡಿಯಾರದ ಅಂಕಿಗಳನ್ನು ವಾಟ್ಸ್ಯಾಪ್ ಗುಂಪಿಗೆ ಕಳುಹಿಸುವ ನಲವತ್ತರ ಪ್ರಾಯದ ನಮ್ಮಂಥವರು ಅದನ್ನು ಎರಡು ಬಾರಿ ಓದುವುದು ಒಳಿತು.

ಇದಕ್ಕೆ ಪ್ರಬಲ ವಿರೋಧಿಯೂ ಇದ್ದರು. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಹಾನ್ರಿ ದೆಗ್ರಾಂಜ್ ಅವರಿಗೆ ಗಿಯರೆಂದರೆ ತಾತ್ಸಾರ. ಸ್ನಾಯುಬಲದಿಂದ ಗೆಲ್ಲುವುದೇ ಗೆಲುವು, ಬದಲಾಗುವ ಗಿಯರುಗಳೇನಿದ್ದರೂ ನಲವತ್ತೈದು ದಾಟಿದವರಿಗೆ ಎಂಬುದು ಅವರ ನಿಲುವು. ಆ ಪಂದ್ಯದಲ್ಲಿ ಡಿರೇಲರಿಗೆ ಅನುಮತಿ ದೊರೆತುದು 1937ರಲ್ಲಿ. ಜಗಳ ಬರಿಯ ಯಂತ್ರದ್ದಾಗಿರಲಿಲ್ಲ. ಸೈಕಲ್ಲು ವೀರರ ಪರೀಕ್ಷೆಗಾಗಿ ಇರುವುದೋ ಅಥವಾ ಅಂಗಡಿಯವನು, ಶಿಕ್ಷಕಿ, ಮುದುಕ, ದುರ್ಬಲ ಮೊಣಕಾಲಿನವನು ಇವರಿಗೂ ಸಲ್ಲುವುದೋ ಎಂಬುದೇ ಪ್ರಶ್ನೆ. ಪತ್ರಿಕೆಗಳ ಗದ್ದಲವೆಲ್ಲ ದೆಗ್ರಾಂಜ್ ಅವರ ಕಡೆಗಿತ್ತು. ನಮ್ಮ ತೀರ್ಮಾನದಲ್ಲಿ ಗೆದ್ದವರು ವಿವೀ. ಆದರೆ ಪಂದ್ಯವು ಮಣಿದುದನ್ನು ಅವರು ಕಾಣಲಿಲ್ಲ. 1930ರಲ್ಲಿ ತಮ್ಮ ಊರಿನ ಬೀದಿಯಲ್ಲೇ ಟ್ರಾಮ್ ಬಡಿದು ತೀರಿಕೊಂಡರು. ಘಟ್ಟದ ಮೇಲೆ ಅವರ ಸ್ಮಾರಕವಿದೆ. 1922ರಿಂದ ನಡೆದುಬಂದ ಅವರ ಹೆಸರಿನ ದಿನದಂದು ಎಲ್ಲ ವಯಸ್ಸಿನವರೂ ಆ ಏರನ್ನು ಹತ್ತುತ್ತಾರೆ.

ಸೈಕಲ್ಲು ಬಂದಿತು, ಗಿಯರು ಬಂದಿತು, ಬಿಡುವು? ಕಾರ್ಖಾನೆಯ ಕೂಲಿಗಾರನಿಗೆ ಭಾನುವಾರವೊಂದೇ. 1936ರ ಬೇಸಿಗೆಯಲ್ಲಿ ದೇಶವ್ಯಾಪಿ ಮುಷ್ಕರಗಳ ನಡುವೆ ಲೆಯೋನ್ ಬ್ಲುಮ್ ಅವರ ಸರ್ಕಾರವು ವಾರಕ್ಕೆ 40 ಗಂಟೆಗಳ ದುಡಿಮೆಯನ್ನೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನೂ ಶಾಸನವಾಗಿಸಿತು. ವಿರಾಮ ಮತ್ತು ಕ್ರೀಡೆಯ ಹೊಣೆ ಹೊತ್ತ ಲೆಯೋ ಲಗ್ರಾಂಜ್ ಅವರು ಕಾರ್ಮಿಕರಿಗೆ ಅಗ್ಗದ ರೈಲು ಟಿಕೇಟನ್ನು ಜಾರಿಗೆ ತಂದರು. ಆ ವರ್ಷ ಬಹಳಷ್ಟು ಜನ ಜೀವಮಾನದಲ್ಲಿ ಮೊದಲ ಬಾರಿಗೆ ಕಡಲನ್ನು ಕಂಡರು. ಗಂಡ ಹೆಂಡತಿ ಜೋಡಿಸೈಕಲ್ಲಿನಲ್ಲಿ, ಹಿಂದೆ ಗಂಟುಮೂಟೆ ಕಟ್ಟಿಕೊಂಡು, ಹಳ್ಳಿಯ ದಾರಿಗಳಲ್ಲಿ ಸಾಗುವ ದೃಶ್ಯವೇ ಆ ಬೇಸಿಗೆಯ ಚಿತ್ರವಾಗಿ ಉಳಿಯಿತು. ವರ್ಷದ ರಜೆಯನ್ನು ಎಣಿಸಿ ಎಣಿಸಿ, ಊರಿಗೆ ಹೋಗುವುದಕ್ಕಷ್ಟು, ಮದುವೆ ಮುಂಜಿಗಳಿಗಷ್ಟು ಎಂದು ಹಂಚುವ ನಮಗೆ ಎರಡು ವಾರವೆಂದರೆ ಏನೆಂಬುದು ತಿಳಿದೇ ಇದೆ.

ನಾಲ್ಕೇ ವರ್ಷ. 1940ರ ಜೂನ್‌ನಲ್ಲಿ ಜರ್ಮನ್ ಸೇನೆ ಮುನ್ನುಗ್ಗಿದಾಗ ಅದೇ ಸೈಕಲ್ಲುಗಳು ಹಾಸಿಗೆ ಪಾತ್ರೆಗಳನ್ನು ಹೇರಿಕೊಂಡು, ಲ್ವಾರ್ ಸೇತುವೆಗಳನ್ನು ದಾಟಲು ಹವಣಿಸುವ ನಿರಾಶ್ರಿತರ ಸಾಲಿನಲ್ಲಿದ್ದವು. ಲಗ್ರಾಂಜ್ ಅವರು ಆ ಯುದ್ಧದಲ್ಲಿಯೇ ಮಡಿದರು.

ಲ್ವಾರ್ ನದಿಯ ಉಪನದಿಯಾದ ಶೆರ್ ದಂಡೆಯಲ್ಲಿ ಸಾಗುವವರು ಶೆನಾನ್ಸೊ ಅರಮನೆಯಲ್ಲಿ ಅರ್ಧ ದಿನವಾದರೂ ಕಳೆಯಲಿ. ಅದರ 60 ಮೀಟರ್ ಉದ್ದದ ಮೊಗಸಾಲೆಯು ನದಿಯ ಮೇಲೆಯೇ ಕಮಾನುಗಳ ಮೇಲೆ ನಿಂತಿದೆ. ಮೊದಲನೆಯ ಮಹಾಯುದ್ಧದಲ್ಲಿ ಅರಮನೆಯ ಒಡೆಯ, ಚಾಕೊಲೇಟ್ ಉದ್ಯಮಿ ಗಾಸ್ತೋನ್ ಮೆನಿಯೆ, ತಮ್ಮ ಖರ್ಚಿನಲ್ಲೇ ಅದನ್ನು ಆಸ್ಪತ್ರೆಯಾಗಿ ಮಾರ್ಪಡಿಸಿದರು. ಎರಡು ಸಾವಿರಕ್ಕೂ ಹೆಚ್ಚು ಗಾಯಾಳುಗಳು ಅಲ್ಲಿ ಚಿಕಿತ್ಸೆ ಪಡೆದರು. ಪ್ರತಿಜೀವಕ ಔಷಧಗಳಿಲ್ಲದ ಆ ಕಾಲದಲ್ಲಿ ಹರಿಯುವ ನೀರಿನ ಮೇಲೆ ಸಾಲಾಗಿ ಹಾಸಿಗೆಗಳು, ಎರಡೂ ಪಕ್ಕಗಳ ಕಿಟಕಿಗಳಿಂದ ಗಾಳಿ ಬೆಳಕು: ವೈದ್ಯರ ಕಣ್ಣಿಗೆ ಅರಮನೆಯ ವೈಭವಕ್ಕಿಂತ ಇದೇ ಹೆಚ್ಚು ನಿಲ್ಲುತ್ತದೆ. ಎರಡನೆಯ ಯುದ್ಧದಲ್ಲಿ ಶೆರ್ ನದಿಯೇ ಗಡಿಯಾಯಿತು. ಮೊಗಸಾಲೆಯ ಒಂದು ತುದಿ ಜರ್ಮನರ ವಶದ ಫ್ರಾನ್ಸಿನಲ್ಲಿ, ಇನ್ನೊಂದು ತುದಿಯ ಬಾಗಿಲು ಆಚೆಯ ವಲಯಕ್ಕೆ. ಆ ಬಾಗಿಲಿನಿಂದ ಪಾರಾದವರುಂಟು. ನಮ್ಮ ದೇಶದವರ ಹೆಜ್ಜೆಯೂ ಈ ಕಣಿವೆಯಲ್ಲಿದೆ. 1914ರ ಶರತ್ಕಾಲದಲ್ಲಿ ಮಾರ್ಸೇ ಬಂದರಿನಲ್ಲಿ ಇಳಿದ ಭಾರತೀಯ ಸೈನಿಕರು ಉತ್ತರದ ರಣರಂಗಕ್ಕೆ ಹೊರಡುವ ಮುನ್ನ ಬೀಡುಬಿಟ್ಟುದು ಓರ್ಲೆಯಾನ್ ಬಳಿ.

ಯುದ್ಧಾನಂತರ ಕಾರು ಬಂದಿತು. ಹಳ್ಳಿಯ ರೈಲುಮಾರ್ಗಗಳು ಒಂದೊಂದಾಗಿ ಮುಚ್ಚಿದವು, ಯುವಕರು ಪಟ್ಟಣ ಸೇರಿದರು. 1997ರಲ್ಲಿ ಬರ್ಗಂಡಿಯ ಜಿವ್ರಿ ಮತ್ತು ಕ್ಲ್ಯೂನಿ ಊರುಗಳ ನಡುವಿನ ಹಳೆಯ ರೈಲುಹಾದಿಯನ್ನು ವಾಹನರಹಿತ ‘ಹಸಿರು ದಾರಿ’ಯಾಗಿಸಿದರು; ಫ್ರಾನ್ಸಿನಲ್ಲಿ ಅಂಥ ದಾರಿಗಳಲ್ಲಿ ಅದೇ ಮೊದಲನೆಯದು. ಇತ್ತ ನೆವೇರ್ ಸಮೀಪದಿಂದ ಸಾಗರದವರೆಗೆ ಸುಮಾರು 900 ಕಿಲೋಮೀಟರ್ ಉದ್ದದ ಲ್ವಾರ್ ಸೈಕಲ್ ದಾರಿಯು ಏರಿ, ಹಳ್ಳಿಯ ರಸ್ತೆ, ಕಾಲುದಾರಿಗಳನ್ನು ಪೋಣಿಸಿ ರೂಪುಗೊಂಡಿತು. ಇಂದು ಅದರ ಬಹುಭಾಗವು ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯುರೋವೆಲೊ 6ರ ಅಂಗ. ಕಾರಿನವರು ಒಂದೇ ನೆಗೆತಕ್ಕೆ ದಾಟಿಹೋಗುವ ಊರುಗಳಲ್ಲಿ ಸೈಕಲ್ಲಿನವರು ನೀರಿಗೆ, ಬ್ರೆಡ್ಡಿಗೆ, ರಾತ್ರಿಯ ಕೋಣೆಗೆ ನಿಲ್ಲಲೇಬೇಕು. ಶಾಲೆಯೂ ಅಂಚೆಕಚೇರಿಯೂ ಮುಚ್ಚಿದ ಹಳ್ಳಿಗೆ ಅದು ಸಣ್ಣ ವ್ಯಾಪಾರವಲ್ಲ. ಸೋಮವಾರ ಅನೇಕ ಬೇಕರಿಗಳಿಗೆ ರಜೆ, ಆದುದರಿಂದ ಭಾನುವಾರ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಳ್ಳುವುದು ಜಾಣತನ. ‘ಆಕ್ಯುಯ್ ವೆಲೊ’ ಫಲಕವಿರುವ ತಂಗುದಾಣಗಳಲ್ಲಿ ಸೈಕಲ್ಲಿಗೂ ಭದ್ರವಾದ ನೆಲೆ ದೊರೆಯುತ್ತದೆ.

ನದಿದಂಡೆಯ ಹಳ್ಳಿಗಳಲ್ಲಿ ಹಳೆಯ ಮನೆಗಳ ಗೋಡೆ, ಸೇತುವೆಯ ಕಂಬಗಳನ್ನು ಗಮನಿಸಿ. ನೆರೆಯ ನೀರು ಮುಟ್ಟಿದ ಎತ್ತರಕ್ಕೆ ಗೆರೆ ಕೊರೆದು ಪಕ್ಕದಲ್ಲಿ ವರ್ಷ ಬರೆದಿರುತ್ತಾರೆ: 1846, 1856, 1866. ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಿ ಅಳೆದು ನೋಡಬಹುದು.