ಯಂತ್ರಕ್ಕೆ ಕಾಣದ ಅಂಕಣ: ಬಳಕೆದಾರರ ನಡುವೆ ಯಂತ್ರಪರೀಕ್ಷೆ ನಡೆದುಬಂದ ದಾರಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಕ್ಷೇಮವಾಗಿ ನೆಲ ಮುಟ್ಟಿದ ಮೇಲೆ ರನ್‌ವೇಯಲ್ಲೇ ಹೊಟ್ಟೆಯೂರಿ ಕೂರುತ್ತಿದ್ದವು. ರೆಕ್ಕೆಯ ಫ್ಲಾಪ್ ಮಡಿಸಬೇಕಾದ ಪೈಲಟ್ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದ. 1943ರಲ್ಲಿ ಇದರ ಕಾರಣ ಹುಡುಕಿದ ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್, ಎರಡರ ಸ್ವಿಚ್ಚುಗಳೂ ಒಂದೇ ಆಕಾರದವು, ಅಕ್ಕಪಕ್ಕದಲ್ಲೇ ಇವೆ ಎಂಬುದನ್ನು ಕಂಡರು. ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಅಂಟಿಸಿದ್ದೇ ಪರಿಹಾರವಾಯಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 ತಪ್ಪುಗಳ ವೃತ್ತಾಂತವನ್ನು ಪೈಲಟ್‌ಗಳಿಂದಲೇ ಕಲೆಹಾಕಿ ವಿಂಗಡಿಸಿದರು. ಬೆಲೆಯುಳ್ಳ ಕೆಲಸವೇ, ಆದರೂ ಅದು ನಡೆದುಹೋದ ತಪ್ಪಿನ ಪಂಚನಾಮೆ. ತಪ್ಪು ನಡೆಯುವ ಗಳಿಗೆಯಲ್ಲೇ ಅದನ್ನು ಹಿಡಿಯುವ ಪರೀಕ್ಷಾವಿಧಾನಕ್ಕೆ ಮುಂದೆ ಬಹಳ ಕಾಲ ಕಾಯಬೇಕಾಯಿತು.

ಅಂಥದೊಂದು ವಿಧಾನ ರೂಪುಗೊಂಡದ್ದು ಜೆರಾಕ್ಸ್ ಯಂತ್ರದ ಮುಂದೆ. ನಮ್ಮಲ್ಲಿ ‘ಜೆರಾಕ್ಸ್ ಮಾಡಿಸು’ ಎಂದೇ ಹೇಳುತ್ತೇವೆ, ಯಂತ್ರ ಮುಟ್ಟುವುದು ಅಂಗಡಿಯ ಹುಡುಗ. ಅಮೆರಿಕದ ಕಚೇರಿಗಳಲ್ಲಿ ಮಾತ್ರ ಪ್ರತಿಯೊಬ್ಬರೂ ಅದರೊಡನೆ ತಾವೇ ಹೆಣಗಬೇಕಿತ್ತು. 1980ರ ದಶಕದ ಆರಂಭದಲ್ಲಿ ಪಾಲೊ ಆಲ್ಟೊದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್, ಹೊಸಬರನ್ನು ಇಬ್ಬಿಬ್ಬರಂತೆ ಯಂತ್ರದ ಮುಂದೆ ನಿಲ್ಲಿಸಿ ವಿಡಿಯೊ ತೆಗೆದರು. ಒಬ್ಬರನ್ನೇ ನಿಲ್ಲಿಸಿ ‘ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುತ್ತಿರಿ’ ಎಂದರೆ ಮಾತು ಕೃತಕವಾಗುತ್ತದೆ. ಇಬ್ಬರಿದ್ದರೆ ಯಾರೂ ಕೇಳದೆಯೇ ವಾದ, ಗೊಣಗಾಟ, ಊಹೆ ಎಲ್ಲವೂ ಹೊರಬೀಳುತ್ತವೆ.

ಆ ದಾಖಲೆಯನ್ನು ಅವರು ನಾಲ್ಕು ಅಂಕಣಗಳಲ್ಲಿ ಬರೆದಿಟ್ಟರು. ಬಳಕೆದಾರರು ಮಾಡಿದ್ದರಲ್ಲಿ ಯಂತ್ರಕ್ಕೆ ಕಾಣದ್ದು ಮೊದಲನೆಯದು; ಯಂತ್ರಕ್ಕೆ ಕಂಡದ್ದು ಎರಡನೆಯದು; ಯಂತ್ರ ಬಳಕೆದಾರರಿಗೆ ತೋರಿಸಿದ್ದು ಮೂರನೆಯದು; ಹಾಗೆ ತೋರಿಸಲು ವಿನ್ಯಾಸಕಾರರಿಗಿದ್ದ ಕಾರಣ ನಾಲ್ಕನೆಯದು. ಗುಂಡಿ ಒತ್ತಿದ್ದು, ಮುಚ್ಚಳ ತೆರೆದದ್ದು ಇವಷ್ಟೇ ಎರಡನೆಯ ಅಂಕಣಕ್ಕೆ ಬರುತ್ತಿದ್ದವು. ಗೊಂದಲವೆಲ್ಲ ಮೊದಲನೆಯದರಲ್ಲಿ ತುಂಬಿಕೊಳ್ಳುತ್ತಿತ್ತು. 1987ರ ‘ಪ್ಲಾನ್ಸ್ ಅಂಡ್ ಸಿಚುಯೇಟೆಡ್ ಆಕ್ಷನ್ಸ್’ ಕೃತಿಯ ಬೆನ್ನೆಲುಬು ಈ ಕೋಷ್ಟಕ. ಒಂದು ಕೊರತೆಯಂತೂ ಇತ್ತು: ನಕಲು ತೆಗೆಯುವ ಕೆಲಸವನ್ನು ಒಪ್ಪಿಸಿದವರು ಸಂಶೋಧಕರು. ಅಗತ್ಯ ಬಳಕೆದಾರರದ್ದಾಗಿರಲಿಲ್ಲ.

ಅಗತ್ಯವೂ ಜನರದ್ದೇ ಆದ ಕಡೆ ಪರೀಕ್ಷೆ ನಡೆಸಿದವರು ಐಬಿಎಂನ ಜಾನ್ ಗೂಲ್ಡ್ ಮತ್ತು ಸಂಗಡಿಗರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಕ್ರೀಡಾಳುಗಳಿಗೆ ಊರಿನಿಂದ ಬಂದ ಧ್ವನಿಸಂದೇಶ ಕೇಳಿಸುವ ವ್ಯವಸ್ಥೆ ಅವರದು, 12 ಭಾಷೆಗಳಲ್ಲಿ. ಪ್ರೋಗ್ರಾಂ ಬರೆಯುವ ಮೊದಲೇ ಬಳಕೆಯ ಕೈಪಿಡಿ ಬರೆದು ಜನರಿಗೆ ತೋರಿಸಿದರು. ಯಂತ್ರದ ಅಣಕು ರೂಪವೊಂದನ್ನು ತಮ್ಮ ಕೇಂದ್ರದ ಓಡಾಟದ ಜಾಗದಲ್ಲಿ ನಿಲ್ಲಿಸಿ, ಹೋಗಿಬರುವವರ ಟೀಕೆಗೆ ಕಿವಿಗೊಟ್ಟರು. ಕ್ರೀಡಾಕೂಟದಲ್ಲಿ ಅದು 40,000ಕ್ಕೂ ಹೆಚ್ಚು ಸಲ ಬಳಕೆಯಾಯಿತು.

ಈ ಸರಣಿಯಲ್ಲಿ ಬೆಂಗಳೂರಿಗೆ ಸ್ವತಂತ್ರ ಸ್ಥಾನವಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ, ಕೆಂಟಾರೊ ಟೊಯಾಮ ಮೊದಲಾದವರು 2005ರ ನಂತರ ನಗರದ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಂಗಸರ ಜೊತೆ ಕೂತು, ಕೆಲಸ ಹುಡುಕಿಕೊಳ್ಳಲು ಅಕ್ಷರವೇ ಇಲ್ಲದ ಪರದೆಯೊಂದನ್ನು ರೂಪಿಸಿದರು. ಚಿತ್ರ ಮುಟ್ಟಿದರೆ ವಿವರಣೆ ಕನ್ನಡದಲ್ಲೇ ಕೇಳಿಸುತ್ತಿತ್ತು. ಚಿತ್ರಗಳೂ ಪರೀಕ್ಷೆಯಲ್ಲಿ ತಿದ್ದಿಕೊಂಡವೇ: ಪಾತ್ರೆ ತೊಳೆಯುವ ಕೆಲಸವೆಂದು ತಿಳಿಯಬೇಕಾದರೆ ಪಾತ್ರೆಯ ರಾಶಿಯಷ್ಟೇ ಸಾಲದು, ನಲ್ಲಿಯಿಂದ ನೀರೂ ಸುರಿಯುತ್ತಿರಬೇಕು.

ಇಷ್ಟಾದರೂ ಕೈ ಮುಂದೆ ಬರುತ್ತಿರಲಿಲ್ಲ. ಎಲ್ಲಿ ಒತ್ತಬೇಕೆಂಬುದು ಆ ಹೆಂಗಸರಿಗೆ ತಿಳಿದಿತ್ತು. ಯಾವುದೋ ಮನೆಯ ಕೆಲಸದ ಸುದ್ದಿ ಈ ಪೆಟ್ಟಿಗೆಯೊಳಗೆ ಬಂದದ್ದಾದರೂ ಹೇಗೆ ಎಂಬುದು ತಿಳಿದಿರಲಿಲ್ಲ. ಯಂತ್ರದ ಬಗ್ಗೆ ಭಯ, ಅಪನಂಬಿಕೆಯೂ ಇದ್ದವು. ನನ್ನ ದೃಷ್ಟಿಯಲ್ಲಿ ಇದು ಸಚ್‌ಮನ್ ಅವರ ಮೊದಲ ಅಂಕಣಕ್ಕೂ ಹಿಂದಿನದು, ಯಂತ್ರ ಮುಟ್ಟುವ ಮುನ್ನಿನ ಅಳುಕಿನದು. ಸಂಶೋಧಕರು ಒಂದು ಕಿರುನಾಟಕದ ವಿಡಿಯೊ ತಯಾರಿಸಿದರು. ಸುದ್ದಿ ಕಂಪ್ಯೂಟರಿಗೆ ಸೇರುವ ಬಗೆ, ಅದು ಯಾರಿಗೆ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದು ಅದರ ಕಥೆ. 2007ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ವಿಡಿಯೊ ನೋಡಿದವರು ನೋಡದವರಿಗಿಂತ ಎಷ್ಟೋ ಮೇಲಾಗಿ ಕೆಲಸ ಪೂರೈಸಿದರು. ಪರದೆಯ ಮೇಲಿನ ಒಂದು ಚಿತ್ರವನ್ನೂ ಬದಲಿಸದೆ ದೊರೆತ ಫಲಿತಾಂಶವದು.